ಎರಡನೆಯ ಕಿವಿಗೆ ಹೋಗದ ಮೂರು ನಿಮಿಷ

ಈ ಸಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಪಕ್ಕದ ಮನೆಯವರು ಸ್ಟೀಲಿನ ಲೋಟಕ್ಕೆ ತಟ್ಟೆ ಮುಚ್ಚಿ ತಂದುಕೊಟ್ಟರು. ನಾನೀಗ ಇರುವುದು ಮೂಡುಬಿದಿರೆ ಹತ್ತಿರದ ತೋಡಾರಿನಲ್ಲಿ, ಪಾಠ ಮಾಡಿಕೊಂಡು. ತಟ್ಟೆ ತೆಗೆದದ್ದೇ ತಡ, ಓಮ ಬೆಳ್ಳುಳ್ಳಿಯ ಘಾಟು, ಅದರ ಅಡಿಯಿಂದ ಹಸಿ ತೊಗಟೆಯ ವಾಸನೆ ಮೂಗಿಗೆ ಬಡಿಯಿತು.

"ಪಾಲೆ ಕಷಾಯ ಟೀಚರೇ. ಖಾಲಿ ಹೊಟ್ಟೆಗೆ ಕುಡೀಬೇಕು, ಆಯ್ತಾ?"

"ಮರ ನೋಡಿದ್ದು ಯಾರು?" ಎಂದು ಕೇಳಿಬಿಟ್ಟೆ.

ಅವರ ಮುಖ ಸಣ್ಣಗಾಯಿತು. "ಎಂಥ ಟೀಚರೇ, ನಾವು ಹುಟ್ಟಿದಂದಿನಿಂದ ಕುಡಿಯುವವರು" ಎಂದರು. ತಪ್ಪಾಯಿತೆಂದು ಹೇಳಿ ಲೋಟ ಒಳಗೆ ತಂದೆ. ಸ್ವಲ್ಪ ಕಷಾಯ ಅಂಗೈ ಮೇಲೆ ಚೆಲ್ಲಿತು. ಉಳಿದದ್ದನ್ನು ಬಚ್ಚಲಿಗೆ ಸುರಿದು ಮೂರು ಸಲ ಸೋಪು ಹಾಕಿ ಕೈ ತೊಳೆದೆ. ನಗುವವರು ನಗಲಿ. ಬೆಳ್ತಂಗಡಿಯ ಆ ಮಳೆಗಾಲವನ್ನು ನನ್ನ ಹಾಗೆ ಕಳೆದವರು ಇದ್ದರೆ ಅವರೂ ತೊಳೆದಾರು.

ಎಂ.ಎ. ಮುಗಿಸಿದ ವರ್ಷ ಅದು. ಬಂಟ್ವಾಳ ಪೇಟೆಯವಳಾದ ನನಗೆ ಉಜಿರೆಯಿಂದಾಚೆ ಒಂದು ಸಣ್ಣ ಸಮುದಾಯ ರೇಡಿಯೋದಲ್ಲಿ ಕೆಲಸ ಸಿಕ್ಕಿತು. ಶೀಟಿನ ಮಾಡಿನ ಎರಡು ಕೋಣೆ, ಒಂದು ಕಂಬ, ಒಂದು ಜನರೇಟರ್. ಘಟ್ಟದ ಬುಡದ ಹಳ್ಳಿಗಳಿಗೆ ನಮ್ಮ ಸ್ವರ ತಲುಪುತ್ತಿತ್ತು, ಮೊಬೈಲಿನದ್ದು ಅಲ್ಲಿಗೆ ತಲುಪುತ್ತಿರಲಿಲ್ಲ. ಸಂಜೆ ಐದೂವರೆಗೆ ಊರ ಸುದ್ದಿ. ಯಾರು ತೀರಿಕೊಂಡರು, ಹೆಣ ಎಷ್ಟು ಗಂಟೆಗೆ ಎತ್ತುತ್ತಾರೆ, ಯಾವ ಬಸ್ಸು ಎಲ್ಲಿವರೆಗೆ ಮಾತ್ರ ಹೋಗ್ತದೆ, ಹಾಲಿನ ಸೊಸೈಟಿ ನಾಳೆ ಉಂಟೋ ಇಲ್ಲವೋ, ಕೆಂಪು ದನ ಯಾರದ್ದಾದರೂ ತಪ್ಪಿಸಿಕೊಂಡಿದೆಯೋ. ದೆಹಲಿಯ ಸುದ್ದಿ ನಮಗೆ ಬೇಕಿರಲಿಲ್ಲ. ಈ ಸುದ್ದಿ ಕೇಳದೆ ಮಾತ್ರ ಅಲ್ಲಿನವರು ಮಳೆಗಾಲದಲ್ಲಿ ಅಂಗಳ ದಾಟುತ್ತಿರಲಿಲ್ಲ. ಮೂರು ತಿಂಗಳಲ್ಲಿ ನಾನು 'ರೇಡಿಯೋದ ಅಕ್ಕ' ಆಗಿಬಿಟ್ಟೆ. ತಲೆ ಸ್ವಲ್ಪ ತಿರುಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ನಿಲಯ ನೋಡಿಕೊಳ್ಳುತ್ತಿದ್ದ ಜಯರಾಮ ಸರ್ ಒಂದು ನಿಯಮ ಮಾಡಿದ್ದರು. ರೆಕಾರ್ಡ್ ಮಾಡಿದ್ದನ್ನು ಕತ್ತರಿಸಿ ಜೋಡಿಸಿದವರು ತಾವೇ ಅದನ್ನು ಪ್ರಸಾರಕ್ಕೆ ಬಿಡಬಾರದು. ಬೇರೆ ಒಬ್ಬರು ಮೊದಲಿಂದ ಕೊನೆವರೆಗೆ ಕೇಳಿ, ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಟಿಕ್ ಹಾಕಬೇಕು. ಇದಕ್ಕೆ ಅವರು 'ಎರಡನೇ ಕಿವಿ' ಎನ್ನುತ್ತಿದ್ದರು. "ಕತ್ತರಿಸಿದವರಿಗೆ ಬಿಟ್ಟುಹೋದದ್ದೂ ಕೇಳ್ತದೆ ಮಾರಾಯ್ತಿ. ಯಾಕೆಂದ್ರೆ ಅದು ಅವರ ತಲೆಯೊಳಗೆ ಉಂಟು" ಎಂದು ಮೊದಲ ದಿನವೇ ಹೇಳಿದ್ದರು. ನನ್ನ ಕೆಲಸಕ್ಕೆ ಎರಡನೇ ಕಿವಿ ಜೊತೆಯಲ್ಲಿದ್ದ ಇನ್ನೊಬ್ಬಳು ಹುಡುಗಿ.

ಆ ಆಟಿಯಲ್ಲಿ ಮಳೆ ಹಿಡಿದರೆ ಬಿಡುವ ಲಕ್ಷಣ ಇರಲಿಲ್ಲ. ಕರೆಂಟು ಹೋಗಿ ನಾಲ್ಕು ದಿನವಾಗಿತ್ತು. ಪೇಟೆಯ ಕಡೆಯ ಟವರುಗಳೂ ಒಂದೊಂದಾಗಿ ಸತ್ತವು. ಅಮಾವಾಸ್ಯೆಗೆ ಎರಡು ದಿನ ಇರುವಾಗ ಜೀಪಿನ ಮೋನಪ್ಪಣ್ಣ ನೆನೆದ ಕಾಗದ ಒಂದನ್ನು ತಂದುಕೊಟ್ಟರು. ಘಟ್ಟದ ಬುಡದ ನೀರ್ಕಜೆಗೆ ಸಾಮಾನು, ಜನ ಎರಡನ್ನೂ ಸಾಗಿಸುತ್ತಿದ್ದವರು ಅವರು. ಕಾಗದ ಬರೆದದ್ದು ನೀರ್ಕಜೆ ಶಾಲೆಯ ಟೀಚರ್ ರೇಣುಕಾ. ವಿಜಯಪುರದ ಕಡೆಯವಳು. ಶಾಲೆಯ ಪಕ್ಕದ ಬಾಡಿಗೆ ಕೋಣೆಯಲ್ಲಿ ತಾಯಿಯ ಜೊತೆ ಇರುತ್ತಿದ್ದಳು. ವಾರಕ್ಕೊಂದು ಕಾಗದ ಅವಳದ್ದು ಬಂದೇ ಬರುತ್ತಿತ್ತು. ಇಲ್ಲಿಯ ತುಳು ಅರ್ಥವಾಗುವುದಿಲ್ಲ, ಸಂಜೆ ನಿಮ್ಮ ಕನ್ನಡ ಕೇಳಿದರೆ ಯಾರೋ ಮನೆಗೆ ಬಂದ ಹಾಗಾಗುತ್ತದೆ ಎಂದು ಹಿಂದೊಮ್ಮೆ ಬರೆದಿದ್ದಳು. ಈ ಸಲ ಕೇಳಿದ್ದು ಒಂದು ಪ್ರಶ್ನೆ. ಅಮಾವಾಸ್ಯೆ ದಿನ ಸೂರ್ಯ ಹುಟ್ಟುವ ಮೊದಲು ಇಲ್ಲಿ ಎಲ್ಲರೂ ಯಾವುದೋ ಮರದ ತೊಗಟೆಯ ಕಷಾಯ ಕುಡಿಯುತ್ತಾರಂತೆ, ಅದು ಯಾವ ಮರ, ಹೇಗೆ ಮಾಡುವುದು, ನಾನೂ ಅವ್ವನೂ ಈ ವರ್ಷ ಕುಡಿಯಬೇಕೆಂದಿದ್ದೇವೆ, ದಯವಿಟ್ಟು ರೇಡಿಯೋದಲ್ಲಿ ತಿಳಿಸಿ.

ನನಗೋ ಖುಷಿ. ಪಾಲೆ ಮರವನ್ನು ನಾನೂ ಕಂಡವಳಲ್ಲ. ಬಂಟ್ವಾಳದಲ್ಲಿ ಅಮ್ಮ ಲೋಟ ಕೈಗೆ ಕೊಡುತ್ತಿದ್ದರು, ಮೂಗು ಹಿಡಿದು ಕುಡಿಯುತ್ತಿದ್ದೆ, ಮೇಲೆ ಮೆಂತೆ ಗಂಜಿ ಉಣ್ಣುತ್ತಿದ್ದೆ, ಅಷ್ಟೇ ನನ್ನ ಜ್ಞಾನ. ಅಮಾವಾಸ್ಯೆಯ ಮುಂಚಿನ ದಿನ ನಾಟಿ ಮದ್ದು ಗೊತ್ತಿದ್ದ ದೂಮಣ್ಣನನ್ನು ನಿಲಯಕ್ಕೇ ಕರೆಸಿದೆ. ಎಂಬತ್ತರ ಮುದುಕ, ಕಂಬಳಿ ಕೊಪ್ಪೆ ಹಾಕಿಕೊಂಡು ನಡೆದೇ ಬಂದಿದ್ದ. ಟೀಚರಿಗೆ ತಿಳಿಯಲೆಂದು ಹತ್ತು ನಿಮಿಷ ಕನ್ನಡದಲ್ಲೇ ಮಾತಾಡಿದ. ಪಾಲೆ ಮರ ತೋಡಿನ ಬದಿಯಲ್ಲಿ, ನೀರು ಹರಿಯುವಲ್ಲಿ ಇರ್ತದೆ ಎಂದು ಸುರುಮಾಡಿದ. ಆಗ ಮಳೆ ಜೋರಾಗಿ ಹೊಡೆಯಿತು, ಶೀಟಿನ ಮೇಲೆ ಕಲ್ಲು ಸುರಿದ ಹಾಗೆ. ಅವನು ಮಾತು ನಿಲ್ಲಿಸಲಿಲ್ಲ. ಒಂದೇ ಗಂಟಿಗೆ ಸುತ್ತ ಏಳು ಎಲೆ, ಕಲ್ಲಿನಲ್ಲಿ ಕುಟ್ಟಿದ ಕೂಡಲೇ ಬಿಳಿ ಹಾಲು, ಅದೇ ಗುರ್ತ. ಹತ್ತಿರದಲ್ಲೇ ಕಾಸರಕನ ಮರವೂ ಉಂಟು, ಅದು ವಿಷ, ಜಾಗ್ರತೆ. ಮಳೆಯ ಸದ್ದು ಇಳಿಯಿತು. ಅದರ ಎಲೆ ದುಂಡಗೆ, ಮಿರಿಮಿರಿ ಮಿಂಚ್ತದೆ, ಉದ್ದಕ್ಕೆ ನರ ಎದ್ದು ಕಾಣ್ತದೆ, ಕುಟ್ಟಿದರೆ ಹಾಲುಗೀಲು ಏನೂ ಬರುವುದಿಲ್ಲ. ಆಮೇಲೆ ಕಬ್ಬಿಣ ಮುಟ್ಟಿಸಬಾರದು, ಓಮ ಎಷ್ಟು, ಬೆಳ್ಳುಳ್ಳಿ ಎಷ್ಟು, ಕಾದ ಬಿಳಿಕಲ್ಲಿನ ಒಗ್ಗರಣೆ ಹೇಗೆ, ಎಲ್ಲ ಹೇಳಿದ.

ಸಮಯ ಇದ್ದದ್ದು ಮೂರು ನಿಮಿಷ. ಮಳೆಯ ಸದ್ದಿದ್ದ ಭಾಗ ಕೇಳಲಿಕ್ಕೇ ಆಗುತ್ತಿರಲಿಲ್ಲ. ಕತ್ತರಿಸಿದೆ. ತೋಡಿನ ಬದಿಗೆ ದುಂಡಗಿನ ಎಲೆ ಬಂದು ಕೂತಿತು. ಎಷ್ಟು ಚಂದ ಜೋಡಿಕೊಂಡಿತೆಂದರೆ ನನ್ನ ಕೈಚಳಕಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಬಸ್ಸಿಲ್ಲದೆ ಜೊತೆಯ ಹುಡುಗಿ ಬಂದಿರಲಿಲ್ಲ. ಜಯರಾಮ ಸರ್ ಹೊರಗೆ ಜನರೇಟರಿನ ಜೊತೆ ಗುದ್ದಾಡುತ್ತಿದ್ದರು. "ಕೇಳಿ ಆಯ್ತಾ?" ಎಂದು ಅಲ್ಲಿಂದಲೇ ಕೂಗಿದರು. "ಆಯ್ತು ಸರ್" ಎಂದೆ. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನೇ ಟಿಕ್ ಹಾಕಿದೆ. ಐದೂ ನಲವತ್ತಕ್ಕೆ ಅದು ಪ್ರಸಾರವಾಯಿತು. ಆರಕ್ಕೆ ಡೀಸೆಲ್ ಮುಗಿದು ನಿಲಯ ಮುಚ್ಚಿದೆವು.

ನಾನಿದ್ದ ಬಾಡಿಗೆ ಮನೆಯ ಸುಮತಿಯಕ್ಕ ಜಗಲಿಯಲ್ಲೇ ಕಾಯುತ್ತಿದ್ದರು. ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಸುರುಮಾಡಿದರು.

"ನಿನ್ನ ದೂಮಣ್ಣನಿಗೆ ಅರುಳು ಮರುಳು ಹಿಡಿದದ್ದಾ ಎಂಥದ್ದು? ಪಾಲೆ ಅಂತ ಹೇಳಿ ಕಾಸರಕನ ಎಲೆ ಹೇಳಿದ್ದಾನಲ್ಲ!"

"ಕಾಸರಕನದ್ದಾ?"

"ದುಂಡಗೆ ಮಿಂಚುವ ಎಲೆ, ಹಾಲಿಲ್ಲ. ಅದು ಕಾಸರಕ ಅಲ್ಲದೆ ಮತ್ತೆಂಥ? ಅದನ್ನು ಕುಡಿದರೆ ಮೈ ಸೆಟೆದು ಸಾಯ್ತಾರೆ ಮಾರಾಯ್ತಿ."

ಅವರು ನಗುತ್ತಲೇ ಹೇಳಿದ್ದು. ನಾನು ಕತ್ತರಿಸಿದ, ಮಳೆಯೊಳಗಿನ ಆ ನಲವತ್ತು ಸೆಕೆಂಡು ಈಗ ನನ್ನ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಏಳು ಎಲೆ. ಬಿಳಿ ಹಾಲು. ಅದು ವಿಷ, ಜಾಗ್ರತೆ. ಇನ್ನು ಹತ್ತು ಗಂಟೆಯಲ್ಲಿ ಎಷ್ಟು ಮನೆಯವರು ಎದ್ದು ಕಲ್ಲು ಹಿಡಿದುಕೊಂಡು ತೋಡಿನ ಬದಿಗೆ ಹೋಗಬಹುದು? ಲೆಕ್ಕ ಹಾಕಲಿಕ್ಕೆ ಹೊರಟವಳು ಅರ್ಧಕ್ಕೆ ಬಿಟ್ಟೆ.

ಕೊಡೆ ಹಿಡಿದು ಜಯರಾಮ ಸರ್ ಮನೆಗೆ ಓಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಟಿಕ್ ಹಾಕಿದ್ದು ಯಾರು?"

"ನಾನೇ ಸರ್."

ಬೈದಿದ್ದರೆ ಒಳ್ಳೆದಿತ್ತು. ಬೈಯಲಿಲ್ಲ. "ಊರಿನವರು ಹೆದರುವುದು ಬೇಡ, ಅವರಿಗೆ ಪಾಲೆ ಗೊತ್ತುಂಟು. ಹೊಸಬರು ಯಾರು?" ಎಂದರು. ಆಗ ರೇಣುಕಾಳ ಕಾಗದ ನೆನಪಾಯಿತು. ಅಷ್ಟು ಹೊತ್ತು ಅದು ನೆನಪಾಗಲಿಲ್ಲ ಎಂಬುದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಇಡೀ ತಾಲೂಕಿಗೆ ಹೆದರಿದವಳು ಕೇಳಿದವಳನ್ನೇ ಮರೆತಿದ್ದೆ.

ನೀರ್ಕಜೆ ದಾರಿಗೆ ಗುಡ್ಡದ ಮಣ್ಣು ಜಾರಿದೆ, ಈ ಮಳೆಗೆ ಈಗಲೇ ಜೀಪು ಇಳಿಸಿದರೆ ನಾವೇ ತೋಡಿಗೆ ಎಂದು ಮೋನಪ್ಪಣ್ಣ ಕಡ್ಡಿ ಮುರಿದ ಹಾಗೆ ಹೇಳಿದರು. ಮಳೆ ಸ್ವಲ್ಪ ತಗ್ಗಲಿ, ಬೆಳಗಿನ ಜಾವ ನಾಲ್ಕೂವರೆಗೆ ಹೊರಡುವ, ಅದಕ್ಕಿಂತ ಮೊದಲು ಆಗಲಿಕ್ಕಿಲ್ಲ. ಅಷ್ಟರಲ್ಲಿ ಸರ್ ಎಲ್ಲಿಂದಾದರೂ ಡೀಸೆಲ್ ಹುಡುಕಿ ಐದಕ್ಕೆ ಪ್ರಸಾರ ಸುರುಮಾಡುವುದು ಎಂದಾಯಿತು. ಆದರೆ ಮೈಕಿನ ಮುಂದೆ ಯಾರು?

"ನೀನೇ ಕೂರಬೇಕು. ತಪ್ಪು ಹೇಳಿದ ಸ್ವರವೇ ಸರಿ ಹೇಳಿದರೆ ಮಾತ್ರ ಜನ ನಂಬ್ತಾರೆ."

"ನಾನು ರೇಣುಕಾಳಲ್ಲಿಗೆ ಹೋಗ್ತೇನೆ ಸರ್. ಐದು ಗಂಟೆಗೆ ಅವಳು ರೇಡಿಯೋ ಹಾಕುವುದಿಲ್ಲ."

ಕೊನೆಗೆ ಬ್ಯಾಟರಿಯ ಸಣ್ಣ ರೆಕಾರ್ಡರಿನಲ್ಲಿ ಅವರ ಊಟದ ಕೋಣೆಯಲ್ಲೇ ತಿದ್ದುಪಡಿ ಓದಿದೆ. ನಿನ್ನೆ ಹೇಳಿದ್ದು ತಪ್ಪು, ದುಂಡೆಲೆಯ ಮರ ವಿಷ, ಕುಡಿಯಬೇಡಿ, ಕುಡಿಯಬೇಡಿ. ನಾಲ್ಕು ಸಲ ಓದಿ ಅಳಿಸಿದೆ, ಐದನೆಯದ್ದು ಸರಿಬಂತು. ಸರ್ ಅದನ್ನು ಮೂರು ಸಲ ಕಿವಿಗೆ ಹಚ್ಚಿ ಕೇಳಿದರು. ಆ ರಾತ್ರಿ ಮಲಗಿದವರು ಯಾರೂ ಇಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಬೆಳಗಿನ ಜಾವ ಜೀಪಿನ ರೇಡಿಯೋ ಹಾಕಿಕೊಂಡೇ ಹೊರಟೆವು. ಐದಕ್ಕೆ ಸರಿಯಾಗಿ ನನ್ನ ಸ್ವರ ಬಂತು. ಮುಗಿದದ್ದೇ ಮತ್ತೆ ಮೊದಲಿಂದ. ಮೋನಪ್ಪಣ್ಣ ವಾಲ್ಯೂಮ್ ಪೂರ್ತಿ ತಿರುಗಿಸಿ, ಮನೆ ಕಂಡಲ್ಲೆಲ್ಲ ನಿಧಾನ ಮಾಡಿದರು. ನೀರ್ಕಜೆಗೆ ಒಂದೂವರೆ ಕಿಲೋಮೀಟರ್ ಇರುವಾಗ ದಾರಿಗೆ ಅಡ್ಡ ಮರ ಬಿದ್ದಿತ್ತು. ಎಂಜಿನ್ ಆರಿಸಿ ಇಳಿದು ನಡೆದೆವು, ಓಡಿದೆವು ಎನ್ನುವುದು ಸರಿ. ಮಳೆ ಸ್ವಲ್ಪ ಬಿಟ್ಟಿತ್ತು. ಆಗ ಕೇಳಿಸಿತು ಆ ಸದ್ದು. ಕತ್ತಲೆಯಲ್ಲಿ ಕಣ್ಣಿಗೆ ಕಾಣದ ಮನೆಗಳಿಂದ, ಆಚೆ ದಿಬ್ಬದಿಂದ, ಈಚೆ ಇಳಿಜಾರಿನಿಂದ, ಕಲ್ಲಿನ ಮೇಲೆ ಕಲ್ಲಿನಿಂದ ತೊಗಟೆ ಜಜ್ಜುವ ಸದ್ದು. ಟಪ್, ಟಪ್, ಟಪ್. ಅಂಥ ಹೆದರಿಕೆ ನನಗೆ ಹಿಂದೆ ಆದದ್ದಿಲ್ಲ, ಮುಂದೆ ಆಗುವುದೂ ಬೇಡ. ಎಲ್ಲರೂ ಒಟ್ಟಿಗೆ ನನ್ನ ಮಾತು ಕೇಳಿ ಸಾಯಲಿಕ್ಕೆ ತಯಾರಾಗುತ್ತಿದ್ದಾರೆ ಅಂತಲೇ ಅನಿಸಿತು.

ಮೊದಲು ಸಿಕ್ಕಿದ ಅಂಗಳಕ್ಕೆ ನುಗ್ಗಿ, "ಯಾವ ಮರ ಅದು? ಯಾವ ಮರ?" ಎಂದು ಕಿರುಚಿದೆ. ಚಿಮಣಿ ದೀಪದ ಮುಂದೆ ಕೂತಿದ್ದ ಅಜ್ಜಿ ಬೆಚ್ಚಿಬಿದ್ದು, ಆಮೇಲೆ ತೊಗಟೆ ಎತ್ತಿ ತೋರಿಸಿದರು. ಅಂಚಿನಲ್ಲಿ ಬಿಳಿ ಹಾಲು ಒಸರುತ್ತಿತ್ತು.

"ಪಾಲೆ. ಮತ್ತೆಂಥ? ಓ, ನೀನು ರೇಡಿಯೋದವಳಾ! ನಿನ್ನೆ ನೀನು ಹೇಳಿದ್ದು ಕೇಳಿ ನಾವು ನೆಗಾಡಿದ್ದೇ ನೆಗಾಡಿದ್ದು."

"ಶಾಲೆಯ ಟೀಚರಿಗೆ ಹೇಳಿದ್ರಾ ಅಜ್ಜಿ, ಅದು ತಪ್ಪು ಅಂತ?"

"ಟೀಚರಿಗಾ? ಅವರು ಘಟ್ಟದ ಮೇಲಿನವರಲ್ವಾ, ಅವರೆಲ್ಲ ಪಾಲೆ ಕುಡೀತಾರಾ?"

ಅಜ್ಜಿಯ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಊರಿಡೀ ಕೇಳಿದೆ, ಊರಿಡೀ ನಕ್ಕಿದೆ, ಅವಳ ಬಾಗಿಲಿಗೆ ಹೋಗಿ ಒಂದು ಮಾತು ಹೇಳಬೇಕೆಂದು ಒಬ್ಬರಿಗೂ ಹೊಳೆದಿಲ್ಲ. ಹೊಳೆಯುವುದಾದರೂ ಹೇಗೆ? ನಮ್ಮ ಊರಿನ ಕಷಾಯ ಕುಡಿದು ನಮ್ಮವಳಾಗಬೇಕೆಂದು ಅವಳಿಗೆ ಆಸೆಯಿದ್ದದ್ದು ನನಗೊಬ್ಬಳಿಗೆ ಗೊತ್ತಿತ್ತು.

ಶಾಲೆಯ ಅಂಗಳ ಮುಟ್ಟುವಾಗ ಬೆಳಕು ಹರಿದಿತ್ತು. ಕೋಣೆಯ ಬಾಗಿಲಲ್ಲಿ ಅವಳ ತಾಯಿ ಎದೆ ಬಡಿದುಕೊಳ್ಳುತ್ತಿದ್ದರು. "ನನ್ನ ಮಗಳಿಗೆ ಏನಾತು ನೋಡ್ರೀ ಯಪ್ಪಾ! ಈಗರ ಕುಡಿದ್ಳ್ರೀ, ಒಮ್ಮಿಂದೊಮ್ಮಿಗೆ ಹಿಂಗಾತ್ರೀ!" ಒಳಗೆ ರೇಣುಕಾ ಗೋಡೆಗೆ ಒರಗಿ ಕೂತಿದ್ದಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ಇಪ್ಪತ್ತೈದರ ಹುಡುಗಿ, ತಲೆಗೆ ಸ್ನಾನ ಮಾಡಿ ಹೊಸ ಸೀರೆ ಉಟ್ಟಿದ್ದಾಳೆ. ಕೈಕಾಲು ಸೆಟೆದಿವೆ, ದವಡೆ ಬಿಗಿದಿದೆ. ಕಣ್ಣು ಮಾತ್ರ ಪೂರ್ತಿ ಎಚ್ಚರ. ನಾನು "ರೇಣುಕಾ" ಎಂದದ್ದೇ ತಡ, ಮೈಯೆಲ್ಲ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ತಾಯಿಗಿಟ್ಟಿದ್ದ ಲೋಟ ಹಾಗೇ ತುಂಬಿತ್ತು. ಮೋನಪ್ಪಣ್ಣ ಅದನ್ನು ಎತ್ತಿ ಅಂಗಳಕ್ಕೆ ಎಸೆದರು.

"ಮಾತಾಡಬೇಡಿ. ಯಾರೂ ಮಾತಾಡಬೇಡಿ" ಎಂದು ಅವರು ಪಿಸುಗುಟ್ಟಿದರು. ಕಾಸರಕ ತಿಂದ ದನವನ್ನು ಅವರು ಚಿಕ್ಕಂದಿನಲ್ಲಿ ನೋಡಿದ್ದರಂತೆ. ಸದ್ದಾದರೆ ಸೆಳೆತ ಬರ್ತದೆ, ಮುಟ್ಟಿದರೂ ಬರ್ತದೆ. ಊರ ನಾಲ್ವರು ಬಂದು ಅವಳನ್ನು ಮೆಲ್ಲಗೆ ಮಂಚಕ್ಕೆ ಮಲಗಿಸಿ, ಮಂಚ ಸಮೇತ ಎತ್ತಿ ನಡೆದರು. ಕಷಾಯ ಕುಡಿದ ಬಾಯಿ ಒರೆಸಿಕೊಂಡು ಬಂದಿದ್ದ ಅವರೆಲ್ಲ ಒಂದು ಉಸಿರೂ ಎತ್ತದೆ ಆ ಕೆಸರಿನಲ್ಲಿ ಒಂದೂವರೆ ಕಿಲೋಮೀಟರ್ ನಡೆದರು. ಜೀಪಿನ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತೆ. ತಾಯಿ ಕಾಲ ಬಳಿ ಸೆರಗು ಬಾಯಿಗೆ ತುರುಕಿಕೊಂಡು ಕೂತರು.

ಮೋನಪ್ಪಣ್ಣ ಎಂಜಿನ್ ಸುರುಮಾಡಿದರು. ಆರಿಸುವುದು ಮರೆತಿದ್ದ ರೇಡಿಯೋ ಎಂಜಿನಿನ ಜೊತೆಗೇ ಎದ್ದಿತು, ಪೂರ್ತಿ ವಾಲ್ಯೂಮಿನಲ್ಲಿ. "ಕುಡಿಯಬೇಡಿ, ದಯವಿಟ್ಟು ಕುಡಿಯಬೇಡಿ" ಎಂದಿತು ನನ್ನ ಸ್ವರ. ಆ ಸದ್ದಿಗೆ ಅವಳ ಬೆನ್ನು ನನ್ನ ತೊಡೆಯಿಂದ ಎದ್ದು ಸೆಟೆದು ನಿಂತಿತು. ಉಸಿರು ಕಟ್ಟಿತು. ಮುಖ ನೀಲಿಗಟ್ಟಿತು. ಮೋನಪ್ಪಣ್ಣ ತಂತಿಯನ್ನೇ ಕಿತ್ತುಹಾಕಿದರು. ಉಸಿರು ಮತ್ತೆ ಬರಲು ಎಷ್ಟು ಹೊತ್ತು ಹಿಡಿಯಿತೋ ನನಗೆ ಗೊತ್ತಿಲ್ಲ. ದೇವರೇ, ಇವಳು ಉಳಿಯಲಿ, ನಾನು ಇನ್ನು ಬಾಯಿ ತೆರೆಯುವುದಿಲ್ಲ ಎಂದು ಹರಕೆ ಹೊತ್ತೆ. ಉಜಿರೆ ಮುಟ್ಟುವವರೆಗೆ ಬಾಯಿಂದ ಒಂದು ಅಕ್ಷರ ಹೊರಡಿಸಲಿಲ್ಲ. ಜೀಪು ಹೊಂಡಕ್ಕೆ ಇಳಿದಾಗಲೆಲ್ಲ ಅವಳ ಕಣ್ಣು ನನ್ನ ಕಣ್ಣನ್ನೇ ಹಿಡಿದುಕೊಳ್ಳುತ್ತಿತ್ತು.

ಉಳಿದಳು. ಆಸ್ಪತ್ರೆಯಲ್ಲಿ ಕತ್ತಲೆ ಕೋಣೆಯಲ್ಲಿ ಮಲಗಿಸಿ, ನಿದ್ದೆಯ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ತೊಗಟೆ ಅಂಗೈಯಷ್ಟೇ ತಂದಿದ್ದಳು, ಅಳತೆ ತಿಳಿಯದೆ ನೀರು ಜಾಸ್ತಿ ಹಾಕಿದ್ದಳು, ಹಾಗಾಗಿ ಬಚಾವ್ ಎಂದರು ಡಾಕ್ಟರು. ತಾಲೂಕಿನಲ್ಲಿ ಬೇರೆ ಯಾರಿಗೂ ಏನೂ ಆಗಲಿಲ್ಲ. ದೂಮಣ್ಣ ಮಾತ್ರ ತನ್ನ ಸ್ವರದಲ್ಲಿ ವಿಷ ಹೇಳಿಸಿದ್ದಕ್ಕೆ ನನ್ನ ಮುಖ ನೋಡುವುದನ್ನೇ ಬಿಟ್ಟ. ಅವನ ತಪ್ಪೇನೂ ಇಲ್ಲವೆಂದು ಜಯರಾಮ ಸರ್ ರೇಡಿಯೋದಲ್ಲಿ ಮೂರು ದಿನ ಹೇಳಿದರು. ನಾನು ರಾಜೀನಾಮೆ ಬರೆದು ಅವರ ಮೇಜಿನ ಮೇಲಿಟ್ಟೆ. ಅವರು ಬೇಡ ಎನ್ನಲಿಲ್ಲ.

ನಾಲ್ಕನೆಯ ದಿನ ರೇಣುಕಾಳನ್ನು ನೋಡಲು ಬಿಟ್ಟರು. ಬೈಯುತ್ತಾಳೆ, ಬೈಯಲಿ ಎಂದೇ ಹೋದೆ. ಎದ್ದು ಕೂತಿದ್ದಳು, ದವಡೆ ಇನ್ನೂ ನೋಯುತ್ತಿತ್ತು. ನನ್ನ ಹೆಸರು ಹೇಳಿದೆ. ಸ್ವರ ಕೇಳಿದ ಕೂಡಲೇ ಅವಳ ಮುಖ ಅರಳಿತು, ನೆಂಟರು ಬಂದ ಹಾಗೆ.

"ನೀವೇನ್ರೀ ಮೇಡಂ! ಬರ್ರಿ, ಕುಂದರ್ರಿ."

ಕೂರಲು ಆಗಲಿಲ್ಲ. ನಿಂತೇ ಕೇಳಿದೆ. ಬಾಯಿಗಿಟ್ಟಾಗ ಅಷ್ಟು ಕಹಿ ಇತ್ತಲ್ಲ, ಒಂದು ಗುಟುಕಿಗೆ ಉಗುಳಿ ಬಿಡಬಹುದಿತ್ತಲ್ಲ ಮಾರಾಯ್ತಿ, ಇಡೀ ಲೋಟ ಯಾಕೆ ಕುಡಿದೆ?

"ಭಾಳ ಕಹಿ ಇತ್ರೀ. ನಾಲಿಗಿ ಮ್ಯಾಲೆ ಇಡಾಕ ಆಗ್ಲಿಲ್ಲ" ಎಂದಳು. "ಆದ್ರ ಕಡೀಕ ನೀವ ಹೇಳಿದ್ರಲ್ರೀ, ಕಹಿ ಅಂತ ಅರ್ಧಕ್ಕ ಬಿಡಬ್ಯಾಡ್ರಿ, ಕಣ್ಮುಚ್ಚಿ ಪೂರಾ ಕುಡೀರಿ, ನಾನೂ ನಿಮ್ಮ ಜೋಡಿ ಕುಡೀತೇನಿ ಅಂತ."

ಆ ಮಾತು ದೂಮಣ್ಣನದ್ದಲ್ಲ. ಮೂರು ನಿಮಿಷಕ್ಕೆ ಆರು ಸೆಕೆಂಡು ಕಡಿಮೆ ಬಿದ್ದಿತ್ತೆಂದು ಕೊನೆಗೆ ನಾನೇ ಸೇರಿಸಿದ್ದು.